ಕಾರ್ಪೆಟ್ ಏರಿಯಾ 238 ಜಿಬಿ

ಬಾಂದ್ರಾ ಪೂರ್ವದ ನಮ್ಮ ಮನೆಯಲ್ಲಿ ‘ಜಾಗ ಇಲ್ಲ’ ಎಂಬ ಮಾತನ್ನು ಮೂವರೂ ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಕಳೆದ ಭಾನುವಾರ ನಾಲ್ಕನೆಯ ದನಿಯೂ ಸೇರಿಕೊಂಡಿತು. ಒಂಬತ್ತು ವರ್ಷದ ನನ್ನ ಲ್ಯಾಪ್‌ಟಾಪ್ ಕೆಂಪು ಪಟ್ಟಿ ತೋರಿಸಿ, ಸಿ ಡ್ರೈವಿನಲ್ಲಿ ಉಳಿದಿರುವುದು 640 ಎಂಬಿ ಮಾತ್ರ ಎಂದಿತು.

ಮೊದಲು ಸಿಟ್ಟು ಬಂದದ್ದು ಮಾರಿದವನ ಮೇಲೆ. ಕೊಂಡಾಗ 256 ಜಿಬಿ ಅಂದಿದ್ದ. ಇಲ್ಲಿ ನೋಡಿದರೆ ಒಟ್ಟು 238. ಹದಿನೆಂಟು ಜಿಬಿ ಯಾರು ತಿಂದರು?

“ಯಾರೂ ತಿಂದಿಲ್ಲ ಪಪ್ಪಾ. ಡಿಸ್ಕ್ ಮಾಡೋರು ಸಾವಿರದ ಲೆಕ್ಕದಲ್ಲಿ ಅಳೀತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತೆ” ಎಂದಳು ಮಗಳು.

ತಕ್ಷಣ ತಿಳಿಯಿತು. 256 ಸೂಪರ್ ಬಿಲ್ಟ್‌ಅಪ್, 238 ಕಾರ್ಪೆಟ್. ನೂರಕ್ಕೆ ಏಳು ಪಾಲಷ್ಟೇ ನುಂಗಿದ್ದಾರೆ. ಲಿಫ್ಟಿನ ಗುಂಡಿ, ಮೆಟ್ಟಿಲು, ವಾಚ್‌ಮನ್ನನ ಕುರ್ಚಿ ಎಲ್ಲವನ್ನೂ ನಮ್ಮ ಫ್ಲಾಟಿನ ಚದರಡಿಗೆ ಸೇರಿಸಿದ ಬಿಲ್ಡರನ ಮುಂದೆ ಇವರು ಸಾಧುಸಂತರು.

“ಮಾಳಾ ಖಾಲಿ ಮಾಡಿ ಅಂತ ಹತ್ತು ವರ್ಷದಿಂದ ಬಡ್ಕೋತಿದ್ದೀನಿ, ಕೇಳಲಿಲ್ಲ. ಡಬ್ಬಿ ಹೇಳಿದ ಕೂಡಲೇ ಕೂತಿರಿ” ಎಂದು ಅಡುಗೆಮನೆಯಿಂದ ಬಂತು. ನಾನು ಉತ್ತರಿಸಲಿಲ್ಲ. ಮಾಳಾ ಎಂಬ ಆ ಅಟ್ಟದಲ್ಲಿ ಏನೇನಿದೆ ಎಂದು ನನಗೂ ಗೊತ್ತಿಲ್ಲ.

ಡೌನ್‌ಲೋಡ್ಸ್‌ನಿಂದ ಶುರು ಮಾಡಿದೆವು. ಒಂದೇ ವಿದ್ಯುತ್ ಬಿಲ್ಲು ಏಳು ಸಲ ಇಳಿದಿತ್ತು, ಬೆನ್ನ ಮೇಲೆ ಕಂಸದಲ್ಲಿ ನಂಬರು ಹೊತ್ತು. ಮನೆ ಮಾರಿಬಿಟ್ಟವರ ಸಹಿಯೂ ಇರುವ ಸೊಸೈಟಿ ನೋಟಿಸುಗಳು. ಒಂದು ತಾಸು ಅಳಿಸಿ ನೋಡಿದರೆ ಕೆಂಪು ಪಟ್ಟಿ ಕದಲಿಲ್ಲ. ಅಳಿಸಿದ್ದೆಲ್ಲ ರೀಸೈಕಲ್ ಬಿನ್ನಿನಲ್ಲಿ ಕೂತಿತ್ತು. ರದ್ದಿವಾಲಾನಿಗೆಂದು ಕಟ್ಟಿಟ್ಟ ಪೇಪರು ಬಾಗಿಲ ಹಿಂದೆ ತಿಂಗಳುಗಟ್ಟಲೆ ಕೂರುವ ಹಾಗೆ. ಅದನ್ನೂ ಬರಿದು ಮಾಡಿದೆವು.

ವಿಂಡೋಸ್ ಹೊಸ ಆವೃತ್ತಿಗೆ ಏರುವಾಗ ಹಳೆಯದನ್ನು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ತುಂಬಿಡುತ್ತದಂತೆ. ಹುಡುಕಿದರೆ ಸಿಗಲಿಲ್ಲ. ಹತ್ತು ದಿನ ಕಳೆದ ಮೇಲೆ ತಾನಾಗಿಯೇ ಹೊರಟುಹೋಗುತ್ತದೆ ಎಂದಳು ಮಗಳು. ಹತ್ತೇ ದಿನ! 1947ರ ಬಾಡಿಗೆ ಕಾಯ್ದೆಯ ನೆರಳಲ್ಲಿ ಪಗಡಿ ಎಂಬ ಮುಂಗಡ ಕೊಟ್ಟು ಕೂತವರ ಮೊಮ್ಮಕ್ಕಳು ಇನ್ನೂ ಅದೇ ಕೋಣೆಯಲ್ಲಿರುವ ಊರಿದು. ಇಲ್ಲಿನ ಮಾಲೀಕರಿಗೆ ಈ ಫೋಲ್ಡರಿನ ಸುದ್ದಿ ತಿಳಿಯದಿರುವುದೇ ಕ್ಷೇಮ.

ಸಿಕ್ಕ ನಿಜವಾದ ಆಸಾಮಿ ‘ಹೈಬರ್‌ಫಿಲ್’. ಲ್ಯಾಪ್‌ಟಾಪು ಗಾಢನಿದ್ದೆಗೆ ಜಾರುವ ಮೊದಲು ಎಚ್ಚರದ ನೆನಪನ್ನೆಲ್ಲ ಬರೆದಿಡುವ ಕಡತ, ನನ್ನದರಲ್ಲಿ 3.2 ಜಿಬಿ. ಅಂದರೆ ಹಾಸಿಗೆ. ಊರಿಂದ ನೆಂಟರು ಬಂದರೆ ನಾನು ವಾಷಿಂಗ್ ಮಷಿನ್ನಿಗೂ ಬಾಗಿಲಿಗೂ ನಡುವೆ ಕಾಲು ಮಡಚಿ ಮಲಗುತ್ತೇನೆ. ಇದಕ್ಕೆ ಪ್ರತ್ಯೇಕ ಬೆಡ್‌ರೂಮು! ಮಗಳು ಕಪ್ಪು ಪರದೆ ತೆರೆದು ‘ಪವರ್ ಸಿಎಫ್‌ಜಿ, ಎಚ್, ಆಫ್’ ಎಂದು ಮಂತ್ರ ಕುಟ್ಟಿದಳು. ಹಾಸಿಗೆ ಹೋಯಿತು.

ಇನ್ನು ಫೋಟೋ. 2009ರಲ್ಲಿ ಸೀ ಲಿಂಕ್ ತೆರೆದಾಗ ಬಾಂದ್ರಾ ರೆಕ್ಲಮೇಶನ್‌ನಲ್ಲಿ ನಿಂತು ತೆಗೆದ 114 ಚಿತ್ರಗಳು. ಎಲ್ಲದರಲ್ಲೂ ಮಳೆ, ಮೂರರಲ್ಲಿ ಸೇತುವೆ. ಮೂರನ್ನು ಉಳಿಸಿದೆ. ಕುಮಟೆಯ ಅಳಿಯನ ಮದುವೆಯ ವಿಡಿಯೋದಲ್ಲಿ ಊಟದ ಪಂಕ್ತಿ ಒಂದೇ 4 ಜಿಬಿ. ಪಾಯಸ ಬಡಿಸುವವನು ನನ್ನನ್ನು ದಾಟಿ ಮುಂದೆ ಹೋಗುವ ದೃಶ್ಯ ಅದರಲ್ಲಿದೆ. ಸಾಕ್ಷ್ಯವೆಂದು ಹಾಗೇ ಬಿಟ್ಟೆ.

ನನ್ನ ಇಪ್ಪತ್ತು ವರ್ಷದ ಬರವಣಿಗೆ ಎಷ್ಟಿರಬಹುದೆಂದು ಆಮೇಲೆ ನೋಡಿದೆ: 41 ಎಂಬಿ. ಪಶ್ಚಿಮದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಯಶವಂತ ಚಿತ್ತಾಲರು ಸಮುದ್ರಕ್ಕೆ ಮುಖಮಾಡಿ ಬರೆದರು. ನಾನು ಪೂರ್ವದಲ್ಲಿ, ಪಕ್ಕದ ಬಿಲ್ಡಿಂಗಿನ ಪೈಪುಗಳಿಗೆ ಮುಖಮಾಡಿ. 41 ಎಂಬಿ ಸಾಕು ಅನ್ನಿ.

ಅಳಿಸುವ ಹುರುಪು ಒಮ್ಮೆ ಹತ್ತಿದರೆ ಇಳಿಯುವುದಿಲ್ಲ. ಮಗಳು ಚಹಾಕ್ಕೆ ಎದ್ದ ಹೊತ್ತಿನಲ್ಲಿ, ಯಾವ ಕಾಲದ್ದೋ ಎಂದುಕೊಂಡು ಹಳೆಯ ನುಡಿ ಫಾಂಟುಗಳನ್ನು ತೆಗೆದುಹಾಕಿದೆ. ಮರುಕ್ಷಣ ಮಾಟುಂಗಾದ ಮೈಸೂರ್ ಅಸೋಸಿಯೇಶನ್ನಿನಲ್ಲಿ ಹಿಂದೊಮ್ಮೆ ಓದಿದ್ದ ಪ್ರಬಂಧ ತೆರೆದರೆ, ಇಂಗ್ಲಿಷ್ ಅಕ್ಷರಗಳು ಟೋಪಿ, ಮೀಸೆ, ಬಾಲ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಯೂನಿಕೋಡ್‌ಗೆ ಮುಂಚಿನ ಕನ್ನಡವೆಂದರೆ ಇಂಗ್ಲಿಷಿನ ಮೇಲೆ ಹೊದಿಸಿದ ಶಾಲು, ಎಳೆದುಬಿಟ್ಟರೆ ಹೀಗೆ.

“ಇದು ಯಾವ ಭಾಷೆ ರೀ?” ಎಂದು ಹೆಂಡತಿ ಬಗ್ಗಿ ನೋಡಿದಳು.

“ಕನ್ನಡ.”

ಮುಂಬೈಯಲ್ಲೇ ಓದಿ ಬೆಳೆದ ಮಗಳು ಚಹಾ ಕೆಳಗಿಟ್ಟು ಒಂದು ಗಳಿಗೆ ನೋಡಿದಳು. “ನಂಗೆ ಮೊದಲೂ ಹೀಗೇ ಕಾಣ್ತಿತ್ತು ಪಪ್ಪಾ.”

ನುಡಿಯನ್ನು ಮತ್ತೆ ಇಳಿಸಿಕೊಂಡು ಕೂರಿಸಿದೆ. ಅಕ್ಷರಗಳು ಮನೆಗೆ ಬಂದವು. ಅವನ್ನು ಯೂನಿಕೋಡ್‌ಗೆ ಬದಲಿಸುವ ಕೆಲಸ ಹಿಡಿದಿದ್ದೇನೆ. ಅಲ್ಲಿ ಕನ್ನಡದ ‘ಕ’ಗೆ ಮೂರು ಬೈಟ್, ‘ಕ್ಷಿ’ಗೆ ಹನ್ನೆರಡು. ಇರಲಿ, ಅಷ್ಟು ಜಾಗ ಕೊಡೋಣ.

ಭಾನುವಾರ ರಾತ್ರಿಗೆ ಖಾಲಿಯಾದದ್ದು 22 ಜಿಬಿ. ಮಾಳಾ ಹಾಗೇ ಇದೆ. ಓದುಗರಲ್ಲಿ ನುಡಿ, ಬರಹದ ಹಳೆಯ ಕಡತ ಇಟ್ಟುಕೊಂಡವರಿದ್ದರೆ ಜಾಗದ ಆಸೆಗೆ ಫಾಂಟುಗಳ ತಂಟೆಗೆ ಹೋಗಬೇಡಿ. ಅವನ್ನೆಲ್ಲ ಗುಡಿಸಿಹಾಕಿದರೂ ಒಂದು ಗುಡ್ ಮಾರ್ನಿಂಗ್ ವಿಡಿಯೋದಷ್ಟು ಜಾಗ ಸಿಗುವುದಿಲ್ಲ.