ಮಾನ್ಯ 1.03 ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ 1.03 ಸಾಹೇಬರೇ,

ಕುರನೂರದಿಂದ ಶರಣು. ನಮ್ಮ ಅಕ್ಕಲಕೋಟ ತಾಲ್ಲೂಕಿನಲ್ಲಿ ಶಾಸಕರು ಬದಲಾಗುತ್ತಾರೆ, ಹಾಲಿನ ದರ ಬದಲಾಗುತ್ತದೆ, ಬೋರಿ ನದಿಗೆ ಕಟ್ಟಿದ ನಮ್ಮೂರ ಧರಣದ ನೀರೂ ಏರಿಳಿಯುತ್ತದೆ. ಅಲುಗದವರು ತಾವೊಬ್ಬರೇ.

ತಮ್ಮ ಕೆಲಸ ಸಣ್ಣದು. ಡೇರಿಯ ಕಾಟಾ ತೋರಿಸುವುದು ಕಿಲೋ, ದರ ಇರುವುದು ಲೀಟರಿಗೆ. ನಡುವೆ ನಿಂತು ತಾವು ಭಾಗಿಸುತ್ತೀರಿ. 10.3 ಕಿಲೋ ಹಾಕಿದರೆ 10 ಲೀಟರ್. ನೀರಿಗಿಂತ ಹಾಲು ಲೀಟರಿಗೆ ಸುಮಾರು 30 ಗ್ರಾಂ ಭಾರ ಎಂಬುದು ಸತ್ಯ, ತಕರಾರಿಲ್ಲ. ಮಾಪಿನಲ್ಲಿ ಅಳೆಯುತ್ತಿದ್ದಾಗ ನೊರೆಯೂ ಹಾಲೆಂದೇ ಜಮಾ ಆಗುತ್ತಿತ್ತು. ಆ ಲಾಭ ನಮ್ಮದಿತ್ತು, ಹೋಗಲಿ ಬಿಡಿ.

ತಕರಾರು ತಮ್ಮ ಮನೆಯೊಳಗಿನದು. ಅದೇ ಟೇಬಲ್ಲಿನ ಮೇಲೆ ತಮ್ಮ ಖಾಸಾ ತಮ್ಮ ಲ್ಯಾಕ್ಟೋಮೀಟರ್ ಇದ್ದಾನಲ್ಲ? ನನ್ನ ಹಾಲಿನಲ್ಲಿ ಮುಳುಗಿ ಎದ್ದು 26 ಎನ್ನುತ್ತಾನೆ. 26 ಡಿಗ್ರಿ ಅಂದರೆ ಸಾಂದ್ರತೆ 1.026. ಡಿಗ್ರಿ ಬಂದಿಲ್ಲ, ಹಾಲು ತೆಳು ಎಂದು ದರ ಕಡಿಯುತ್ತಾರೆ. ಕಡಿಯಲಿ. ಆದರೆ ಭಾಗಿಸುವ ಹೊತ್ತಿಗೆ ಅದೇ ಹಾಲು ಏಕಾಏಕಿ ಮೈತುಂಬಿಕೊಂಡು 1.03 ಆಗಿಬಿಡುತ್ತದೆ! 1.026ರಿಂದ ಭಾಗಿಸಿದ್ದರೆ ಆ 10.3 ಕಿಲೋ, 10 ಲೀಟರ್ ಮೇಲೆ 39 ಮಿಲಿ ಆಗುತ್ತಿತ್ತು. ಒಂದು ಕಟಿಂಗ್ ಚಹಾಕ್ಕೆ ಸಾಕು. ದರಕ್ಕೆ ತೆಳು, ಅಳತೆಗೆ ಗಟ್ಟಿ: ಹೀಗೆ ಎರಡೂ ಹೊತ್ತು, ಕಿಟ್ಲಿ ಕಿಟ್ಲಿಯಿಂದ ಉಳಿದ ಹಾಲಿನಲ್ಲಿ ಯಾರ ಚಹಾ ಕುದಿಯುತ್ತಿದೆ ಸಾಹೇಬರೇ?

ತಮ್ಮನ ನ್ಯಾಯವೂ ನೋಡುವಂಥದ್ದೇ. ಕರೆದ ಬಿಸಿಯಲ್ಲೇ ಹಾಲು ಒಯ್ದರೆ ಅವನು ಇನ್ನಷ್ಟು ಮುಳುಗುತ್ತಾನೆ, ಡಿಗ್ರಿ ಇಳಿಯುತ್ತದೆ. ಅದಕ್ಕೆ ತಿದ್ದುಪಡಿ ಪುಸ್ತಕದಲ್ಲಿದೆ. ಟೇಬಲ್ಲಿನ ಮೇಲೆ ಥರ್ಮಾಮೀಟರ್ ಇಲ್ಲ. ಹಾಲಿನಲ್ಲಿ ಹಗುರವಾದದ್ದು ಕೊಬ್ಬು. ಹಾಗಾಗಿ ಕೆನೆ ಕದ್ದವನ ಡಿಗ್ರಿ ಏರುತ್ತದೆ! ಏರಿದ್ದನ್ನು ಇಳಿಸಲು ಅವನು ಬೋರಿ ತಾಯಿಯನ್ನು ಒಂದಿಷ್ಟು ಬೆರೆಸಿದನೆಂದರೆ ಲ್ಯಾಕ್ಟೋಮೀಟರ್ ತಲೆದೂಗಿ ಪಾಸು ಮಾಡುತ್ತಾನೆ. ಆಮೇಲೆ ಫ್ಯಾಟ್ ಮಶಿನ್ನೇ ಕಳ್ಳನನ್ನು ಹಿಡಿಯಬೇಕು.

ನಮ್ಮ ಪಂಢರಪುರಿ ಎಮ್ಮೆಗೂ ತಿಳಿಹೇಳಿ ನೋಡಿದೆ. ಹಸಿ ಮೇವಿರಲಿ, ಜೋಳದ ಕಣಕಿ ಇರಲಿ, ವರ್ಷವಿಡೀ 1.03ರ ಹಾಲನ್ನೇ ಕೊಡವ್ವಾ ಅಂದೆ. ಭುಜ ದಾಟಿ ಚಾಚಿದ ಕೊಂಬಿನ ಜಾತಿ ಅದು. ಸುಮ್ಮನೆ ತಲೆ ತಿರುಗಿಸಿತು, ನಾನೇ ಹಿಂದೆ ಸರಿದೆ.

ಆದಕಾರಣ ವಿನಂತಿ: ರಸೀದಿಯಲ್ಲಿ ಯಾವ ಡಿಗ್ರಿ ಬರೆದು ದರ ಕಡಿದಿರೋ ಅದರಿಂದಲೇ ಭಾಗಿಸಿರಿ. ಅದಾಗದಿದ್ದರೆ ದರವನ್ನೇ ಕಿಲೋಕ್ಕೆ ಗೊತ್ತುಮಾಡಿಸಿ ತಾವು ನಿವೃತ್ತರಾಗಿರಿ. ಊಟದ ಚಿಂತೆ ಬೇಡ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ಅನ್ನಛತ್ರವಿದೆ, ಅಲ್ಲಿ ಯಾರ ಡಿಗ್ರಿಯನ್ನೂ ಕೇಳುವುದಿಲ್ಲ.

ತಮ್ಮ ವಿಧೇಯ,
ಕುರನೂರದ ಒಬ್ಬ ಎಮ್ಮೆಯವ