‘ಪಟ್ಟಿ’ ಬಳಸುವ ಬಗೆ: ಆವೃತ್ತಿ 0.3ರ ಕೈಪಿಡಿ

1. ಪರಿಚಯ

‘ಪಟ್ಟಿ’ ಒಂದು ಪುಟ್ಟ ಪ್ರೋಗ್ರಾಂ. ಇಇಜಿ (ಮಿದುಳಿನಲೆಗಳ ದಾಖಲೆ) ಸೆಷನ್ನಿನ ಫೈಲ್ ಕೊಟ್ಟರೆ ಅದರಲ್ಲಿ ಯಾವ್ಯಾವ ಚಾನೆಲ್‌ಗಳಿವೆ ಎಂದು ಸಾಲಾಗಿ ಹೇಳುತ್ತದೆ. ಅಷ್ಟೇ. ಮಿದುಳಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ಮಿದುಳಿನಲೆಗಳನ್ನು ದಾಖಲಿಸಿದಾಗ ಇದ್ದದ್ದು ಒಂದೇ ಚಾನೆಲ್. ಅವರಿಗೆ ‘ಪಟ್ಟಿ’ಯ ಹಂಗಿರಲಿಲ್ಲ. ಈ ಪ್ರೋಗ್ರಾಂ ಬರೆದ ಹುಡುಗನಿಗೆ ಎರಡು ದಿನ ಹಿಡಿಯಿತು. ಕೈಪಿಡಿ ಬರೆಯಲು ಕೂತ ನನಗೆ ಇದು ಮೂರನೇ ವಾರ.

2. ಬೇಕಾಗುವ ಸಾಮಗ್ರಿ

ಒಂದು ಕಂಪ್ಯೂಟರ್, ಒಂದು ಇಡಿಎಫ್ ಫೈಲ್. ಎಣ್ಣೆ ಹಚ್ಚದ ತಲೆ ಬೇಕಾಗಿದ್ದುದು ರೆಕಾರ್ಡಿಂಗ್ ದಿನ, ಅದೂ ರೋಗಿಯದು. ಈಗ ನೀವು ಧಾರಾಳವಾಗಿ ಹರಳೆಣ್ಣೆ ಹಚ್ಚಿಕೊಂಡು ಕೂರಬಹುದು. ಸೆಕ್ಷನ್ 4ಕ್ಕೆ ಬರುವಷ್ಟರಲ್ಲಿ ತಂಪು ಬೇಕಾಗುತ್ತದೆ.

3. ಕೆಲಸ ಮಾಡುವ ಬಗೆ

ಇಡಿಎಫ್ ಎಂಬುದು 1992ರಲ್ಲಿ ಯುರೋಪಿನಲ್ಲಿ ಪ್ರಕಟವಾದ ಫೈಲ್ ಮಾದರಿ. ಅದರ ತಲೆಬರಹಕ್ಕೆ 256 ಬೈಟ್, ಆಮೇಲೆ ಚಾನೆಲ್ ಒಂದಕ್ಕೆ ಇನ್ನೂ 256. ಇಪ್ಪತ್ತೆರಡು ಚಾನೆಲ್ ಇದ್ದರೆ ಒಟ್ಟು 5,888. ಸೆಕೆಂಡಿಗೆ 256 ಸಲದಂತೆ ಅರ್ಧ ಗಂಟೆ ದಾಖಲಿಸಿದರೆ ಅಲೆಗಳ ಲೆಕ್ಕವೇ 2 ಕೋಟಿ ಬೈಟ್ ದಾಟುತ್ತದೆ. ‘ಪಟ್ಟಿ’ ಆ 5,888 ಓದಿ ಎದ್ದು ಬರುತ್ತದೆ. ಮದುವೆಗೆಂದು ಹೋಗಿ ಛತ್ರದ ಬಾಗಿಲ ಬೋರ್ಡು ಓದಿಕೊಂಡು ಬಂದಂತೆ. ಅದರ ಬಳಿ ಊಟದ ರುಚಿ ಕೇಳಬೇಡಿ.

4. ಔಟ್‌ಪುಟ್ ಓದುವುದು

ತೆರೆಯ ಮೇಲೆ ಸಿ3, ಸಿ4, ಒ1, ಒ2 ಎಂದೆಲ್ಲ ಬರುತ್ತದೆ. ಇವು ತಲೆಯ ಮೇಲಿನ ವಿಳಾಸಗಳು. 1958ರಲ್ಲಿ ಹರ್ಬರ್ಟ್ ಜಾಸ್ಪರ್ ವಿವರಿಸಿದ ಹತ್ತು-ಇಪ್ಪತ್ತು ಪದ್ಧತಿ ಇದು: ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ ಟೇಪು ಹಿಡಿದು, ಆ ಉದ್ದವನ್ನು ಶೇ 10, ಶೇ 20ರ ಪಾಲು ಮಾಡಿ ಗುರುತು ಹಾಕುವುದು. ಎಡಕ್ಕೆ ಬೆಸ, ಬಲಕ್ಕೆ ಸಮ, ನಟ್ಟನಡುವೆ ‘ಝಡ್’, ಅಂದರೆ ಝೀರೋ. ಮಗುವಿನ ತಲೆಗೂ ಪೈಲ್ವಾನನ ತಲೆಗೂ ಒಂದೇ ಲೆಕ್ಕ. ನಮ್ಮ ಬಡಾವಣೆಯ ಮನೆ ನಂಬರುಗಳಿಗೆ ಈ ಭಾಗ್ಯವಿಲ್ಲ.

ಆದರೆ ಇಷ್ಟು ಅಚ್ಚುಕಟ್ಟಾದ ಊರಿಗೂ ಹೆಸರು ಬದಲಿಸುವ ಚಟ. ಹಳಬರ ಟಿ3 ಹೊಸಬರಿಗೆ ಟಿ7; ಹಳಬರ ಟಿ5 ಈಗ ಪಿ7. ಮನೆಯಲ್ಲಿ ಪುಟ್ಟ, ಆಧಾರ್ ಕಾರ್ಡಿನಲ್ಲಿ ಮಂಜುನಾಥ. ‘ಪಟ್ಟಿ’ಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು.

ಹೆಸರಿಗೆ ಇಡಿಎಫ್ ಕೊಡುವ ಜಾಗ 16 ಅಕ್ಷರ; ಚುಕ್ಕಿಗೂ ಅಲ್ಲಿ ಎಡೆಯಿದೆ. ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ ಯಾರಿಗೂ ಪುಕ್ಕಟೆ ಸಿಗುವ, 109 ಜನರ 64 ಚಾನೆಲ್ ಇಇಜಿ ಸಂಗ್ರಹವೊಂದಿದೆ. ಅದರಲ್ಲಿ ಸಿ3ರ ಬಾಲಕ್ಕೆ ಎರಡು ಚುಕ್ಕಿ, ಎಫ್‌ಸಿ5ರ ಬಾಲಕ್ಕೆ ಒಂದು. ಚುಕ್ಕಿ ಒರೆಸದ ಹೊರತು ಆ ಹೆಸರು ಇನ್ಯಾವ ಪಟ್ಟಿಗೂ ಹೊಂದುವುದಿಲ್ಲ. ನಾನೂ ಒರೆಸಿದ್ದೇನೆ, ಯಾರದೋ ಮನೆ ಮುಂದಿನ ರಂಗೋಲಿ ಅಳಿಸಿದ ಅಳುಕಿನಲ್ಲಿ.

ಇನ್ನೊಂದು ಮಾತು. ವೋಲ್ಟೇಜ್ ಎಂದರೆ ಎರಡು ಜಾಗಗಳ ನಡುವಿನ ವ್ಯತ್ಯಾಸ. ಬರಿಯ ‘ಸಿ3’ ಎಂದರೆ ಯಾವುದಕ್ಕೆ ಹೋಲಿಸಿ ಅಳೆದದ್ದು, ಕಿವಿಗೋ ನೆತ್ತಿಗೋ? ಹುಡುಗ ಎತ್ತರ ಇದ್ದಾನೆ ಅಂದರೆ ಹೆಣ್ಣಿನ ಕಡೆಯವರು ಯಾರಿಗಿಂತ ಎಂದು ಕೇಳುತ್ತಾರೆ. ‘ಪಟ್ಟಿ’ ಕೇಳುವುದಿಲ್ಲ.

5. ದೋಷ ಸಂದೇಶಗಳು

‘ದಾಖಲೆಗಳ ಸಂಖ್ಯೆ: -1’ ಎಂದು ಬಂದರೆ ಹೆದರಬೇಡಿ. ರೆಕಾರ್ಡಿಂಗ್ ಇನ್ನೂ ನಡೆಯುತ್ತಿದೆ ಎಂದು ಅದರ ಅರ್ಥ. ರೋಗಿ ಮನೆಗೆ ಹೋಗಿ ಆರು ತಿಂಗಳಾದ ಮೇಲೂ ಹಾಗೆಯೇ ಬಂದರೆ, ಆ ದಿನ ಕರೆಂಟು ಹೋಗಿತ್ತೇ ವಿಚಾರಿಸಿ.

6. ಪದೇ ಪದೇ ಕೇಳುವ ಪ್ರಶ್ನೆ

ಪ್ರಶ್ನೆ: ‘ಎಕ್ಸ್1’ ಎಂದರೇನು?

ಉತ್ತರ: ಮೂರು ವಾರ ತಿಂದದ್ದು ಇದೇ. ಒಂದು ಆಸ್ಪತ್ರೆಯಿಂದ ಬಂದ ನಲವತ್ತು ಫೈಲುಗಳಲ್ಲೂ ಎಕ್ಸ್1 ಇತ್ತು. ‘ಎಕ್ಸ್‌ಟ್ರಾ ಚಾನೆಲ್ ಸಾರ್, ಹಾರ್ಟಿಂದಿರಬೇಕು’ ಎಂದ ಪ್ರೋಗ್ರಾಂ ಬರೆದ ಹುಡುಗ. ಹಾಗೇ ಬರೆದೆ. ರಾತ್ರಿ ಸುಮ್ಮನಿರಲಾರದೆ ಅಲೆಗಳನ್ನೇ ತೆರೆದು ನೋಡಿದರೆ, ಎಕ್ಸ್1ರಲ್ಲಿ ಹೃದಯದ ಬಡಿತವಿಲ್ಲ, ಸಾಕ್ಷಾತ್ ಮಿದುಳೇ ಇದೆ. ಸಿ4ರಲ್ಲಿ ಮಾತ್ರ ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುತ್ತಿದೆ. ‘ಪಟ್ಟಿ’ಯನ್ನು ಕೇಳಿದೆ. ‘22 ಚಾನೆಲ್, ದೋಷವಿಲ್ಲ’ ಎಂದಿತು.

ಮರುದಿನ ಆಸ್ಪತ್ರೆಗೇ ಹೋದೆ. ಇಇಜಿ ಕೋಣೆಯ ಟೆಕ್ನಿಷಿಯನ್ ಮೇಡಂ ಅಜ್ಜಿಯೊಬ್ಬರ ಬೈತಲೆ ಬಿಡಿಸಿ ಪೇಸ್ಟ್ ಹಚ್ಚುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: ‘ಬಾಕ್ಸಲ್ಲಿ ಸಿ4 ತೂತು ಲೂಸಾಗಿದೆ ಸಾರ್, ವೈರ್ ನಿಲ್ಲಲ್ಲ. ಅದಕ್ಕೇ ಎಕ್ಸ್1ಗೆ ಚುಚ್ತೀವಿ. ಹೊಸ ಬಾಕ್ಸಿಗೆ ಬರ್ದುಕೊಟ್ಟು ಎರಡು ವರ್ಷ ಆಯ್ತು.’

‘ಡಾಕ್ಟರಿಗೆ?’

‘ಅವರಿಗೆ ಗೊತ್ತಲ್ಲ!’

ಆಯಾಗೂ ಗೊತ್ತಿತ್ತು. ಗೊತ್ತಿಲ್ಲದ್ದು ಫೈಲಿಗೆ, ಅದನ್ನು ನಂಬಿದ ನಮಗೆ. ಹಿಂದಿರುಗಿ ಬಂದು ತಿದ್ದಿದೆ: ‘ಎಕ್ಸ್1: ಈ ನಲವತ್ತು ಫೈಲುಗಳಲ್ಲಿ ಬಲಗಡೆಯ ಸಿ4. ಉಳಿದ ಕಡೆ, ವೈರ್ ಚುಚ್ಚಿದವರನ್ನು ಕೇಳಿ ತಿಳಿಯಿರಿ.’ ಕೈಪಿಡಿಯಲ್ಲಿ ‘ಕೇಳಿ ತಿಳಿಯಿರಿ’ ಎಂದು ಬರೆಯುವ ಪದ್ಧತಿಯಿಲ್ಲ ಎಂದು ಮೇಲಿನವರು ಆ ವಾಕ್ಯ ಹೊಡೆದುಹಾಕಿದ್ದರು. ಮತ್ತೆ ಸೇರಿಸಿದ್ದೇನೆ.

7. ನೆರವಿಗೆ

ಮೇಡಂ ಬಳಿ ನೀಲಿ ರಟ್ಟಿನ ನೋಟ್‌ಬುಕ್ ಇದೆ. ಯಾವ ತಾರೀಖಿನಿಂದ ಯಾವ ತೂತು ಕೆಟ್ಟಿತು, ಯಾವ ವೈರ್ ಎಲ್ಲಿಗೆ ಹೋಯಿತು, ಎಲ್ಲ ಬರೆದಿಟ್ಟಿದ್ದಾರೆ. ಒಂದೂವರೆಯಿಂದ ಎರಡೂವರೆ ಊಟದ ಹೊತ್ತು. ಅದು ಬಿಟ್ಟು ಹೋಗಿ. ಪುಸ್ತಕ ಹೊರಗೆ ಕೊಡುವುದಿಲ್ಲ, ಅಲ್ಲೇ ನಿಂತು ನೋಡಿಕೊಳ್ಳಬೇಕು.