ದೋಣಿಬಂಡಿಯ ಅರ್ಥಮೀಮಾಂಸೆ

ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ಸಿಹಿನೀರು ಪಣಜಿ ಮುಟ್ಟುವಷ್ಟರಲ್ಲಿ ಮಾಂಡೋವಿಯೆಂದು ಹೆಸರು ಬದಲಿಸಿಕೊಂಡು ಉಪ್ಪಾಗುತ್ತದೆ. ಈ ನೀರಿನ ಪಾಲಿನ ಬಗ್ಗೆ ರಾಜ್ಯಗಳ ವಕೀಲರು ಬೇಕಾದಷ್ಟು ವಾದಿಸಿದ್ದಾರೆ. ಅದು ಟ್ರೇಲರಿನ ಬಲ್ಬ್ ಹೋಲ್ಡರಿಗೆ ಏನು ಮಾಡುತ್ತದೆಂದು ಯಾರೂ ವಿಚಾರಿಸಿಲ್ಲ. ಆ ಕೊರತೆ ನೀಗಲು ಈ ಪ್ರಬಂಧ.

ಮೊದಲು ಪೂರ್ವಪಕ್ಷ. ರಂಪಣಿ ಬಲೆಯವರ ಪ್ರಕಾರ ದೋಣಿಗೆ ವೈರಿಂಗೇ ಬೇಡ. ಮರದ ಕೊರಡುಗಳ ಮೇಲಿಟ್ಟು ಹತ್ತಾರು ಮಂದಿ ತಳ್ಳಿದರಾಯಿತು. ಕೂಗೇ ಹಾರ್ನು, ಅಂಗಾಲೇ ಬ್ರೇಕು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲದ್ದರಿಂದ ಮುಂದಕ್ಕೆ ಹೋಗೋಣ.

ಐಎಸ್‌ಒ 1724 ಎಂಬ ಸ್ಮೃತಿಯಂತೆ 7 ಪಿನ್ನಿನ ಪ್ಲಗ್ಗಿನಲ್ಲಿ ಹಳದಿ ಎಡ ಇಂಡಿಕೇಟರು, ಹಸಿರು ಬಲದ್ದು, ಕೆಂಪು ಬ್ರೇಕ್ ದೀಪ, ಬಿಳಿ ಅರ್ಥ್. ನಮ್ಮ ಟ್ರೇಲರಿನಲ್ಲೋ, ಎಡಕ್ಕೆ ಸಿಗ್ನಲ್ ಕೊಟ್ಟರೆ ಹಿಂದಿನ ದೀಪಗಳೆಲ್ಲ ಒಟ್ಟಿಗೇ ಮಂಕಾಗಿ ಮಿನುಗುತ್ತಿದ್ದವು. ಅದ್ವೈತವಿರಬೇಕೆಂದು ಸುಮ್ಮನಿದ್ದೆ. ವಾಸ್ಕೋದಲ್ಲಿ ನೆಲೆಸಿರುವ ಬಾಗಲಕೋಟೆ ಕಡೆಯ ವೈರಿಂಗ್ ಮಿಸ್ತ್ರಿ ಅಡಿಗೆ ತೂರಿ ನೋಡಿ, “ಸಾಹೇಬ್ರ, ಇದರಾಗ ಅರ್ಥನ ಇಲ್ರಿ” ಎಂದ. 40 ವರ್ಷ ಓದಿಯೂ ನಾನು ಮುಟ್ಟದ ಸಿದ್ಧಾಂತ! ಬರೆದುಕೊಳ್ಳುತ್ತಿದ್ದಾಗ, ಕಿಲುಬು ಹಿಡಿದು ಬಿಳಿಯೇ ಹಸಿರಾಗಿದ್ದ ವೈರಿನ ತುದಿ ತೋರಿಸಿದ. ಅರ್ಥ್ ಕಡಿದರೆ ಕರೆಂಟು ಮರಳುವ ದಾರಿಯನ್ನು ಬೇರೆ ಬಲ್ಬುಗಳೊಳಗೆ ಹುಡುಕುತ್ತದೆ. ಕೊಂಡಿಯ ಗುಂಡಿನಲ್ಲಿ ಹಾದು ಹೋಗೋಣವೆಂದರೆ ಅಲ್ಲಿ ಗ್ರೀಸು, ತುಕ್ಕು.

ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಕೆರೆಯಲ್ಲಿದ್ದಂತೆ ಎನ್ನುವ ತಾರ್ಕಿಕರು ದೋನಾ ಪಾವ್ಲಾದಲ್ಲಿ ಪ್ಲಗ್ ಕೀಳದೆ ಟ್ರೇಲರ್ ಇಳಿಸಿದವರಲ್ಲ. ಕಾದ ಬಲ್ಬು ತಣ್ಣೀರು ತಾಗಿ ಚಟ್ಟನೆ ಒಡೆಯಿತು. ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತಿದ್ದೆನಾದ್ದರಿಂದ, ಮೊಳಕಾಲು ನೀರಿನಲ್ಲಿ ನಿಂತೇ ಹೊಗೆಯನ್ನು ಪ್ರತ್ಯಕ್ಷ ಕಂಡೆ.

ಬ್ರೇಕಿನ ಪ್ರಕರಣ ಇನ್ನೂ ಸೂಕ್ಷ್ಮ. ಕಾರು ನಿಧಾನಿಸಿದರೆ ಟ್ರೇಲರು ಕೊಂಡಿಯನ್ನು ಮುಂದಕ್ಕೆ ನೂಕುತ್ತದೆ, ಆ ನೂಕಿಗೆ ಮಾಸ್ಟರ್ ಸಿಲಿಂಡರ್ ಒತ್ತಿ ಬ್ರೇಕು ಹಿಡಿಯುತ್ತದೆ. ರಿವರ್ಸಿನಲ್ಲೂ ಕೊಂಡಿ ಒತ್ತುವುದರಿಂದ, ಹಗ್ಗವನ್ನು ಹಾವೆಂದುಕೊಂಡಂತೆ, ಹಿಂದೆ ಸರಿಯುವುದನ್ನೇ ನಿಲ್ಲುವುದೆಂದು ಭ್ರಮಿಸುತ್ತದೆ. ಭ್ರಮೆ ಬಿಡಿಸಲು ರಿವರ್ಸ್ ದೀಪದಿಂದ ವಾಲ್ವಿಗೊಂದು ವೈರು ಎಳೆಯಬೇಕು. ಹಾಗಾದರೆ ನೀರಿನ ಮುಂದೆ ಪ್ಲಗ್ ಕೀಳುವುದು ಹೇಗೆ? ಸಮಾಧಾನವಿಷ್ಟೆ: ಇಳಿಜಾರಿನಲ್ಲಿ ಟ್ರೇಲರು ತನ್ನ ತೂಕಕ್ಕೇ ಕೊಂಡಿಯನ್ನು ಹಿಂದಕ್ಕೆಳೆದು ಬ್ರೇಕು ಬಿಡಿಸಿಕೊಳ್ಳುತ್ತದೆ. ಗುರುತ್ವಕ್ಕೆ ಪ್ಲಗ್ಗಿಲ್ಲ.

ಹೊಸ ವೈರು ಜೋಡಿಸಿ ಮಿಸ್ತ್ರಿ ಎದ್ದು ನಿಂತ. “ಅರ್ಥ ಕೊಟ್ಟೀನ್ರಿ. ನೀವು ಮುನ್ನೂರು ಕೊಡ್ರಿ.”

ಕೋಶ ತೆಗೆದು ನೋಡಿದೆ. ಹಣವೆಂಬ ಅರ್ಥವೂ ಇದೆ.